ಮೈಯ ಭಾಷೆಯಲ್ಲಿ ಮನದ ವ್ಯಥೆ: ಸಾಮಾಜಿಕ ಅಸಮಾನತೆಯ ಒಂದು ಮರೆಯ ಮುಖ

ಸಮಾಜದಲ್ಲಿ ಸಂಪತ್ತು ಸಮನಾಗಿ ಹಂಚಿಕೆಯಾಗಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಭೂಮಿ, ವಿದ್ಯೆ, ಅಧಿಕಾರ, ಮಾನಮರ್ಯಾದೆಗಳೂ ಹಾಗೆಯೇ ಏರುಪೇರಾಗಿ ಹಂಚಿಹೋಗಿವೆಯೆಂಬುದನ್ನು ಒಪ್ಪದವರು ವಿರಳ. ಆದರೆ ದುಃಖವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶವೂ ಇದೇ ರೀತಿ ಅಸಮವಾಗಿ ಹಂಚಿಹೋಗಿದೆಯೆಂಬ ಅಂಶ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮನೆಯ ಯಜಮಾನನ ಬೇಸರ ಇಡೀ ಮನೆಯ ಕಳವಳಕ್ಕೆ ಕಾರಣವಾಗುತ್ತದೆ. ಅದೇ ಮನೆಗೆ ಹೊಸದಾಗಿ ಬಂದ ಸೊಸೆಯ ಕಣ್ಣೀರು ಅಪಶಕುನವೆನಿಸುತ್ತದೆ. ಒಡೆಯನ ಸಿಟ್ಟನ್ನು ಸ್ವಭಾವವೆಂದು ಸಹಿಸುವ ಊರು ಆಳಿನ ಸಿಟ್ಟನ್ನು ಉದ್ಧಟತನವೆಂದು ದಂಡಿಸುತ್ತದೆ. ಹೀಗಿರುವಲ್ಲಿ, ಹೇಳಲು ಎಡೆಯಿಲ್ಲದವರ ವ್ಯಥೆ ಏನಾಗುತ್ತದೆ? ಅದು ಇಲ್ಲವಾಗಿ ಹೋಗುವುದಿಲ್ಲ. ಹೇಳಿದರೆ ಅಪಾಯವಿಲ್ಲದ ಬೇರೊಂದು ದಾರಿಯನ್ನು ಹಿಡಿಯುತ್ತದೆ. ತಲೆನೋವು, ಎದೆಯುರಿ, ನಿಶ್ಶಕ್ತಿ, ನಿದ್ದೆಗೇಡು, ಉಪವಾಸ, ಮೈಮೇಲೆ ದೈವ ಬರುವುದು ಇವೇ ಮೊದಲಾದವು ಅಂಥ ದಾರಿಗಳು.

ಕಳೆದ ಐದಾರು ದಶಕಗಳಲ್ಲಿ ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಈ ವಿಷಯವನ್ನು ನಾನಾ ದೇಶಗಳಲ್ಲಿ ಪರಿಶೀಲಿಸಿದ್ದಾರೆ. ಆ ಪರಿಶೀಲನೆಗಳಲ್ಲಿ ಮಹತ್ವದ ಕೆಲವು ನಡೆದುದು ಕನ್ನಡನಾಡಿನಲ್ಲಿಯೇ ಎಂಬುದು ವಿಶೇಷ. ಅವುಗಳಿಂದ ತಿಳಿದುಬಂದುದನ್ನು ಒಂದೆಡೆ ತಂದು ನೋಡಿದರೆ, ವ್ಯಕ್ತಿಯ ಮೈನೋವಿಗೂ ಸಮಾಜದ ಮೇಲುಕೀಳಿಗೂ ಇರುವ ಸಂಬಂಧ ಎಂಥದೆಂಬುದು ಸ್ಪಷ್ಟವಾಗುತ್ತದೆ.

ನುಡಿಯೇ ನೀಡುವ ಸಾಕ್ಷ್ಯ

ದೇಹ ಬೇರೆ, ಮನಸ್ಸು ಬೇರೆ ಎಂಬ ವಿಭಾಗವನ್ನು ಶಾಸ್ತ್ರಗಳು ಮಾಡಿಕೊಂಡಿರಬಹುದು. ಜನರ ನಿತ್ಯದ ನುಡಿ ಆ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆದಿಲ್ಲ. ಕನ್ನಡದಲ್ಲಿ ‘ನೋವು’ ಎಂಬ ಮಾತು ಕಾಲಿನ ಗಾಯಕ್ಕೂ ಸಲ್ಲುತ್ತದೆ, ಕಟುವಚನದಿಂದಾದ ಗಾಯಕ್ಕೂ ಸಲ್ಲುತ್ತದೆ. ‘ಸಂಕಟ’ ಹೊಟ್ಟೆಯಲ್ಲಿಯೂ ಆಗುತ್ತದೆ, ಮನಸ್ಸಿನಲ್ಲಿಯೂ ಆಗುತ್ತದೆ. ಅಸೂಯೆ ‘ಹೊಟ್ಟೆಕಿಚ್ಚು’ ಆಗುತ್ತದೆ. ಮಕ್ಕಳ ಮೇಲಣ ಮಮತೆ ‘ಕರುಳಿನ’ ಮಾತಾಗುತ್ತದೆ. ಚಿಂತೆ ‘ಎದೆಯ ಭಾರ’ವಾಗುತ್ತದೆ. ಇವುಗಳನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಭಾರವನ್ನು ಅನುಭವಿಸುವವನು ಅದನ್ನು ಎದೆಯಲ್ಲಿಯೇ ಅನುಭವಿಸುತ್ತಾನೆ.

ಇವೆಲ್ಲಕ್ಕಿಂತ ಚಿಂತನೀಯವಾದ ಎರಡು ನುಡಿಗಟ್ಟುಗಳುಂಟು. ಒಂದು, ‘ಹೊಟ್ಟೆಗೆ ಹಾಕಿಕೊಳ್ಳುವುದು’, ಇನ್ನೊಂದು, ‘ನುಂಗಿಕೊಳ್ಳುವುದು’. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂಬುದು ದೊಡ್ಡವರ ಔದಾರ್ಯವನ್ನು ಬೇಡುವ ಮಾತು. ಅವಮಾನವನ್ನು ನುಂಗಿಕೊಳ್ಳಬೇಕೆಂಬುದಾದರೋ ಸಾಮಾನ್ಯವಾಗಿ ಚಿಕ್ಕವರಿಗೆ, ಹೆಂಗಸರಿಗೆ, ಕೂಲಿಯವರಿಗೆ, ಸಾಲಗಾರರಿಗೆ ಹೇಳುವ ಬುದ್ಧಿವಾದ. ಮೊದಲನೆಯದರಲ್ಲಿ ಆಯ್ಕೆಯ ಸ್ವಾತಂತ್ರ್ಯವಿದೆ, ಎರಡನೆಯದರಲ್ಲಿ ಅದಿಲ್ಲ. ನುಂಗಿದುದು ಒಳಗೇ ಉಳಿಯುತ್ತದೆಯೆಂಬ ಅರಿವು ಈ ನುಡಿಗಟ್ಟಿನಲ್ಲಿಯೇ ಅಡಗಿದೆ. ವೈದ್ಯರ ಪರಿಭಾಷೆಯ ‘ಖಿನ್ನತೆ’ ಎಂಬುದು ಗ್ರಂಥದ ಮಾತು. ಹೊಲದಲ್ಲಿ ಕಳೆ ಕೀಳುವ ಹೆಂಗಸು ಆರೋಗ್ಯಕೇಂದ್ರಕ್ಕೆ ಬಂದು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ‘ಮೈಕೈ ನೋವು, ತಲೆ ಸಿಡಿತ, ಊಟ ಸೇರುವುದಿಲ್ಲ, ಏನೋ ಸಂಕಟ’ ಎನ್ನುತ್ತಾಳೆ.

ಮನಸ್ಸಿನ ವ್ಯಥೆಯನ್ನು ಮೈಯ ಬಾಧೆಯಾಗಿ ಹೇಳುವುದು ವಿದ್ಯೆಯಿಲ್ಲದವರ, ಪೌರ್ವಾತ್ಯರ ಲಕ್ಷಣವೆಂದು ಹಿಂದೆ ಪಾಶ್ಚಾತ್ಯ ಮನೋವೈದ್ಯರಲ್ಲಿ ಹಲವರು ಭಾವಿಸಿದ್ದರು. ಆ ಭಾವನೆ ನಿಲ್ಲಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಬೆಂಗಳೂರೂ ಆ ಕೇಂದ್ರಗಳಲ್ಲೊಂದಾಗಿತ್ತು. ಸಾಮಾನ್ಯ ವೈದ್ಯರ ಬಳಿಗೆ ಬಂದವರಲ್ಲಿ ಖಿನ್ನತೆಯುಳ್ಳವರೆಂದು ಕಂಡುಬಂದ 1,146 ಮಂದಿಯ ಪೈಕಿ ಶೇಕಡಾ 69ರಷ್ಟು ಜನ ತಾವು ಬಂದ ಕಾರಣವನ್ನು ಕೇವಲ ದೈಹಿಕ ಬಾಧೆಯೆಂದೇ ಹೇಳಿಕೊಂಡಿದ್ದರು. ಆದರೆ ಅವರನ್ನು ನೇರವಾಗಿ ವಿಚಾರಿಸಿದಾಗ, ಮನಸ್ಸಿನ ಲಕ್ಷಣಗಳಾವುವೂ ಇಲ್ಲವೆಂದವರು ಶೇಕಡಾ 11 ಮಾತ್ರ. ಎಂದರೆ, ಬಹುಪಾಲು ಜನಕ್ಕೆ ತಮ್ಮ ಮನಸ್ಸಿನ ಸ್ಥಿತಿ ತಿಳಿಯದೆ ಇರಲಿಲ್ಲ, ಕೇಳಿದವರಿರಲಿಲ್ಲ, ಅಷ್ಟೆ. ಪರಿಚಿತ ವೈದ್ಯರೆಂಬವರು ಇಲ್ಲದ ಕೇಂದ್ರಗಳಲ್ಲಿ ಮೈಬಾಧೆಯನ್ನಷ್ಟೇ ಹೇಳುವವರು ಹೆಚ್ಚಾಗಿದ್ದರೆಂಬುದೂ ಅದೇ ಅಧ್ಯಯನದಿಂದ ತಿಳಿದುಬಂದಿತು. ಹೇಳುವವರ ಮಾತು ಕೇಳುವವರನ್ನು ಅವಲಂಬಿಸಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ದಕ್ಷಿಣ ಕನ್ನಡದ ಅಧ್ಯಯನಗಳು

ಈ ವಿಷಯದಲ್ಲಿ ಕರಾವಳಿ ಕರ್ನಾಟಕ ವಿದ್ವಾಂಸರ ಗಮನವನ್ನು ಬಹು ಮುಂಚೆಯೇ ಸೆಳೆದಿತ್ತು. ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಉಡುಪಿಯ ಉತ್ತರಕ್ಕಿರುವ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ ಹಾಗೂ ಮೊಗೇರ ಎಂಬ ಮೂರು ಸಮುದಾಯಗಳ ಜನರ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿ, ತಮ್ಮ ಗ್ರಂಥವನ್ನು 1976ರಲ್ಲಿ ಹೊರತಂದರು. ರೋಗಿ ಆಸ್ಪತ್ರೆಗೆ ಬರಲೆಂದು ಕಾಯದೆ ಹಳ್ಳಿಗೇ ಹೋಗಿ, ಜನರ ಮಾತಿನಲ್ಲಿಯೇ ಅವರ ಕಷ್ಟವನ್ನು ವಿಚಾರಿಸಿದ ಅಧ್ಯಯನಗಳಲ್ಲಿ ಇದು ಮುಖ್ಯವಾದುದು. ಹಳ್ಳಿಗರ ಬದುಕಿನಲ್ಲಿ ಆಗುತ್ತಿದ್ದ ಬದಲಾವಣೆಗಳನ್ನೂ ಅವರ ಮನಸ್ಸಿನ ಬಾಧೆಗಳನ್ನೂ ಒಟ್ಟಿಗೆ ಇಟ್ಟು ನೋಡಿದುದು ಅದರ ವೈಶಿಷ್ಟ್ಯ.

ಇದರ ಬೆನ್ನಲ್ಲೇ, 1981ರಲ್ಲಿ, ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹವ್ಯಕ ಸ್ತ್ರೀಯರನ್ನು ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿದರು. ‘ವ್ಯಥೆಯ ನುಡಿಗಟ್ಟು’ ಎಂದು ಕನ್ನಡದಲ್ಲಿ ಕರೆಯಬಹುದಾದ ಪರಿಕಲ್ಪನೆಯೊಂದು ಆ ಪ್ರಬಂಧದಿಂದ ಪ್ರಚಾರಕ್ಕೆ ಬಂದು, ಇಂದು ಜಗತ್ತಿನ ಮನೋವೈದ್ಯ ಶಾಸ್ತ್ರದಲ್ಲಿ ನೆಲೆಗೊಂಡಿದೆ. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯಲ್ಲಿಯೂ ಈ ಪರಿಕಲ್ಪನೆಗೆ ಸ್ಥಾನ ದೊರೆತಿದೆ. ಕನ್ನಡನಾಡಿನ ಅಡಕೆ ತೋಟದ ಮನೆಗಳಲ್ಲಿ ಕಂಡುಕೊಂಡ ಒಂದು ತತ್ತ್ವ ಹೀಗೆ ವಿಶ್ವವ್ಯಾಪಿಯಾಯಿತೆನ್ನಬೇಕು.

ಆ ಪ್ರಬಂಧದ ವಿಚಾರಸರಣಿ ಹೀಗಿದೆ. ತೋಟದ ನಡುವಣ ಒಂಟಿ ಮನೆಗಳಲ್ಲಿ ಬಾಳುತ್ತಿದ್ದ ಆ ಕಾಲದ ಸ್ತ್ರೀಯರಿಗೆ ಮನೆಯ ಹೊರಗೆ ತಮ್ಮ ಮನಸ್ಸನ್ನು ತೋಡಿಕೊಳ್ಳಲು, ಸಲಹೆ ಕೇಳಲು ಅವಕಾಶ ಕಡಿಮೆಯಾಗಿತ್ತು. ಬೆಂಬಲಕ್ಕೆ ನಿಲ್ಲುವ ಬಳಗವೂ ದುರ್ಬಲವಾಗಿತ್ತು. ಬಾಯಿಬಿಟ್ಟು ಆಕ್ಷೇಪಿಸುವುದು ಕುಲಸ್ತ್ರೀಯ ಲಕ್ಷಣವಲ್ಲವೆಂಬ ನಂಬಿಕೆ ಬಲವಾಗಿತ್ತು. ಆದರೆ ಕಾಯಿಲೆ ಬೀಳುವುದಕ್ಕೆ ಅಂಥ ನಿಷೇಧವಿರಲಿಲ್ಲ. ಊಟ ಸೇರದಿರುವುದು, ಮೈ ಇಳಿಯುವುದು, ಮಡಿಮೈಲಿಗೆಯ ವಿಷಯದಲ್ಲಿ ಅತಿಯಾದ ಆತಂಕ, ವ್ರತೋಪವಾಸಗಳಲ್ಲಿ ತೀವ್ರವಾಗಿ ತೊಡಗುವುದು, ದೃಷ್ಟಿಯಾಯಿತೆಂಬ ಶಂಕೆ, ಮದ್ದು ಹಾಕಿದ್ದಾರೆಂಬ ಭೀತಿ, ಕೊನೆಗೆ ಮೈಮೇಲೆ ಬರುವುದು ಇವೆಲ್ಲ ಆ ಸಂಸ್ಕೃತಿಯ ಮೌಲ್ಯಗಳ ಒಳಗೇ ಇದ್ದು, ವ್ಯಥೆಯನ್ನು ಇತರರಿಗೆ ಮುಟ್ಟಿಸುವ ಸಾಧನಗಳಾಗಿದ್ದುವು. ಇವುಗಳಲ್ಲಿ ಒಂದು ಕ್ರಮವನ್ನೂ ಗುರುತಿಸಬಹುದು. ಎಲ್ಲರಿಗೂ ಪರಿಚಿತವಾದ ಮೈಬಾಧೆ ಮೊದಲು. ಅದರಿಂದ ಮನೆಯವರ ಗಮನ ಸೆಳೆಯಲಾಗದಿದ್ದಾಗ ಮಾತ್ರ ಅಪರೂಪದ, ತೀವ್ರವಾದ ದಾರಿಗಳು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಕುಟುಂಬಗಳು ಊರಿನಲ್ಲಿ ಮೇಲ್ಜಾತಿಯವು, ಹಲವು ಭೂಮಿಯುಳ್ಳವು. ಆದಾಗ್ಯೂ ಮನೆಯ ಒಳಗಿನ ಸ್ಥಾನದಿಂದ ಸ್ತ್ರೀಯ ದನಿ ಕುಗ್ಗಿತ್ತು. ಅಸಮಾನತೆಯೆಂಬುದು ಊರಿಗೂ ಕೇರಿಗೂ ನಡುವೆ ಮಾತ್ರವಲ್ಲ, ಒಂದೇ ಮಾಡಿನ ಕೆಳಗೂ ಇದೆ. ಯಾವ ಗೆರೆಯ ಕೆಳಗೆ ನಿಂತಿದ್ದಾರೋ ಆ ಗೆರೆಗನುಸಾರವಾಗಿ ಮೌನದ ಸ್ವರೂಪವೂ ಬೇರೆಯಾಗುತ್ತದೆ. ಇದು ಒಂದು ಸಮುದಾಯದ ದೋಷವೆಂದು ತಿಳಿಯಲಾಗದು. ಅದೇ ಬಗೆಯ ಮೌನ ಬೇರೆ ಬೇರೆ ರೂಪಗಳಲ್ಲಿ ಎಲ್ಲ ಸಮುದಾಯಗಳಲ್ಲಿಯೂ ಇದೆ. ಒಂದರಲ್ಲಿ ಅದನ್ನು ಶ್ರದ್ಧೆಯಿಂದ ಬರೆದಿಟ್ಟರು, ಅಷ್ಟೆ.

ಕಳಂಕದ ಭಯ

ಮನಸ್ಸಿನ ದುಃಖವನ್ನು ಮೈಯ ನೋವೆಂದು ಹೇಳುವುದರಲ್ಲಿ ಜಾಣತನವೂ ಉಂಟೆಂಬುದನ್ನು ಬೆಂಗಳೂರಿನ ಇನ್ನೊಂದು ಅಧ್ಯಯನ ತೋರಿಸಿಕೊಟ್ಟಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಎಂದರೆ ನಿಮ್ಹಾನ್ಸ್‌ನ, ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮತ್ತು ಅವರ ಸಹೋದ್ಯೋಗಿಗಳಾದ ಮಿಚೆಲ್ ವೈಸ್ ಮೊದಲಾದವರು ಹೊರರೋಗಿಗಳಾಗಿ ಬಂದ 80 ಮಂದಿಯನ್ನು ವಿವರವಾಗಿ ಸಂದರ್ಶಿಸಿ 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವನೆ ಹೆಚ್ಚಾಗಿತ್ತು; ಮೈಬಾಧೆಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಾಗಿತ್ತು. ತಲೆನೋವು, ಕೈಕಾಲು ಸೋಲುವುದು ಯಾರಿಗಾದರೂ ಬರುವ ಬಾಧೆ. ಅದನ್ನು ಹೇಳಿಕೊಂಡವರ ಕುಲಕ್ಕೆ, ಮದುವೆಗೆ, ಮರ್ಯಾದೆಗೆ ಕುಂದು ಬಾರದು. ‘ಮನಸ್ಸು ಕೆಟ್ಟಿದೆ’ ಎಂದರೆ ಹಾಗಲ್ಲ.

ಈ ಕಳಂಕದ ಭಾರವೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಉಳ್ಳವರ ಮನೆಯ ಮಗ ನಗರದ ವೈದ್ಯರ ಬಳಿ ಗುಟ್ಟಾಗಿ ಚಿಕಿತ್ಸೆ ಪಡೆಯಬಹುದು. ಹಳ್ಳಿಯ ಬಡ ಹುಡುಗಿಗೆ ಆ ಗುಟ್ಟು ದೊರೆಯದು; ಒಂದು ಸಲ ಹೆಸರು ಬಿದ್ದರೆ ಮದುವೆಯ ದಾರಿಯೇ ಮುಚ್ಚಿಹೋದೀತೆಂಬ ಭಯ ತಾಯಿತಂದೆಗಳಿಗೆ. ಬಿಟ್ಟ ದಿನದ ಕೂಲಿ ಹೋಗುವವನು ‘ಜ್ವರ’ವೆಂದರೆ ನಾಳೆ ಮತ್ತೆ ಕೆಲಸಕ್ಕೆ ಹೋಗಬಹುದು, ‘ಬದುಕು ಬೇಸರವಾಗಿದೆ’ ಎಂದರೆ ಅವನನ್ನು ಕೆಲಸಕ್ಕೆ ಕರೆಯುವವರೇ ಇಲ್ಲವಾದಾರು. ಆದುದರಿಂದ ಮೈಬಾಧೆಯ ಭಾಷೆ ಅಜ್ಞಾನದ ಫಲವಲ್ಲ. ದುರ್ಬಲ ಸ್ಥಾನದಲ್ಲಿರುವವರು ತಮ್ಮ ಅನುಭವದಿಂದ ಕಂಡುಕೊಂಡ ವಿವೇಕವೂ ಅದರಲ್ಲಿದೆ.

ಹಸಿವಿಗೆ ‘ನರ’ವೆಂಬ ಹೆಸರು

ಹೇಳಲಾಗದ ವ್ಯಥೆ ಕುಟುಂಬದ ಒಳಗಿನದೇ ಆಗಿರಬೇಕೆಂದಿಲ್ಲ. ಆಳುವವರನ್ನು ಕುರಿತ ಆಕ್ಷೇಪಣೆಯೂ ಅದರಲ್ಲಿ ಅಡಗಿರಬಹುದು. ಚೀನಾದಲ್ಲಿ ‘ನರದೌರ್ಬಲ್ಯ’ವೆಂಬ ಕಾಯಿಲೆಯ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಹುನಾನ್ ಪ್ರಾಂತದ ವೈದ್ಯಕೀಯ ಕಾಲೇಜಿನಲ್ಲಿ ಈ ಹೆಸರಿನ ಚಿಕಿತ್ಸೆ ಪಡೆಯುತ್ತಿದ್ದ 100 ಮಂದಿಯನ್ನು ಪರಿಶೀಲಿಸಿ, ಅವರಲ್ಲಿ 87 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದುದನ್ನು ಕಂಡರು. ಅವರ ತಲೆನೋವು, ತಲೆಸುತ್ತು, ನಿದ್ದೆಗೇಡುಗಳ ಹಿಂದೆ 1966ರಿಂದ 1976ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಕಾಲದ ಅವಮಾನ, ಅಗಲಿಕೆ, ಮುರಿದ ಬಾಳು ಇದ್ದುವು. ಆ ದಿನಗಳಲ್ಲಿ ನಿರಾಶೆಯನ್ನು ಬಾಯಿಬಿಟ್ಟು ಹೇಳುವುದು ರಾಜಕೀಯ ಅಪರಾಧವೆನಿಸುವ ಸಂಭವವಿತ್ತು. ತಲೆನೋವಿಗೆ ಆ ಅಪಾಯವಿರಲಿಲ್ಲ.

ಇದಕ್ಕಿಂತಲೂ ಮನಕಲಕುವ ಉದಾಹರಣೆ ಬ್ರೆಜಿಲ್ ದೇಶದ ಈಶಾನ್ಯ ಭಾಗದ್ದು. ಕಬ್ಬಿನ ತೋಟಗಳ ಆ ಸೀಮೆಯಲ್ಲಿ ಭೂಮಿ ಕೆಲವೇ ಒಡೆಯರ ಕೈಯಲ್ಲಿದ್ದು, ಕೂಲಿಗಳು ಪಟ್ಟಣದ ಅಂಚಿನ ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡು ಬದುಕುತ್ತಿದ್ದರು. ನ್ಯಾನ್ಸಿ ಶೆಪರ್-ಹ್ಯೂಸ್ ಎಂಬ ಮಾನವಶಾಸ್ತ್ರಜ್ಞೆ ಅವರ ನಡುವೆ ದೀರ್ಘಕಾಲ ಒಡನಾಡಿ 1992ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿನ ಜನ ನಡುಕ, ನಿಶ್ಶಕ್ತಿ, ತಲೆಸುತ್ತು, ಸಿಡಿಮಿಡಿ ಎಲ್ಲಕ್ಕೂ ‘ನೆರ್ವೋಸ್’ ಎನ್ನುತ್ತಿದ್ದರು; ನರದ ಬಾಧೆಯೆಂದು ಅದರ ಅರ್ಥ. ಹಿಂದಿನ ತಲೆಮಾರಿನವರು ಅದೇ ನಡುಕವನ್ನು ಹಸಿವಿನ ಉನ್ಮಾದವೆಂದು ನೇರವಾಗಿ ಕರೆಯುತ್ತಿದ್ದರು. ಹಸಿವು ಹೋಗಿರಲಿಲ್ಲ, ಹೆಸರು ಬದಲಾಗಿತ್ತು. ಹಸಿವೆಂದರೆ ಅನ್ನ ಕೊಡಬೇಕಾಗುತ್ತದೆ, ಕೂಲಿ ಹೆಚ್ಚಿಸಬೇಕಾಗುತ್ತದೆ. ನರದ ಬಾಧೆಯೆಂದರೆ ಗುಳಿಗೆ ಕೊಟ್ಟರೆ ಸಾಕು. ಪಟ್ಟಣದ ಚಿಕಿತ್ಸಾಲಯಗಳಲ್ಲಿ ಹಸಿದವರಿಗೆ ನೆಮ್ಮದಿಯ ಗುಳಿಗೆಗಳೂ ಶಕ್ತಿಯ ಔಷಧಗಳೂ ದೊರೆಯುತ್ತಿದ್ದುವು. ಹಸಿದ ಮಗುವಿಗೂ ನಿದ್ದೆ ಬರಿಸುವ ಔಷಧ ಸಿಕ್ಕುತ್ತಿತ್ತು, ಹಾಲು ಸಿಕ್ಕುತ್ತಿರಲಿಲ್ಲ. ಅನ್ಯಾಯವನ್ನು ಕಾಯಿಲೆಯಾಗಿ ಮಾರ್ಪಡಿಸುವ ಕ್ರಿಯೆ ಎಷ್ಟು ಸದ್ದಿಲ್ಲದೆ ನಡೆಯುತ್ತದೆಯೆಂಬುದಕ್ಕೆ ಇದೊಂದು ಕಣ್ತೆರೆಸುವ ನಿದರ್ಶನ.

ಮೈಮೇಲೆ ಬರುವ ದನಿ

ತನ್ನ ದನಿಯಲ್ಲಿ ಹೇಳಲಾಗದುದನ್ನು ಇನ್ನೊಂದು ದನಿಯಲ್ಲಿ ಹೇಳುವ ದಾರಿಯೂ ಉಂಟು. ಮೈಮೇಲೆ ದೈವ ಅಥವಾ ದೆವ್ವ ಬರುವುದು ಅನೇಕ ಸಮಾಜಗಳಲ್ಲಿ ಸ್ತ್ರೀಯರಲ್ಲಿಯೂ ಕೆಳಸ್ಥಾನದ ಪುರುಷರಲ್ಲಿಯೂ ಹೆಚ್ಚಾಗಿ ಕಾಣುವುದೇಕೆಂಬುದನ್ನು ಐ. ಎಂ. ಲೂಯಿಸ್ 1971ರ ತಮ್ಮ ಗ್ರಂಥದಲ್ಲಿ ಚರ್ಚಿಸಿ, ಅದು ಬಲವಂತರ ಎದುರು ಬಲಹೀನರು ಮುಂದಿಡುವ ಪರೋಕ್ಷ ಬೇಡಿಕೆಯೆಂದು ವಿವರಿಸಿದರು. ಸೊಸೆಯ ಮಾತನ್ನು ಕೇಳದ ಮನೆ ಅವಳ ಮೈಮೇಲೆ ಬಂದುದರ ಮಾತನ್ನು ಕೈಮುಗಿದು ಕೇಳುತ್ತದೆ. ತುಳುನಾಡಿನ ಸಿರಿ ಜಾತ್ರೆಯಲ್ಲಿ ನೂರಾರು ಸ್ತ್ರೀಯರು ಒಟ್ಟಿಗೆ ಆವೇಶಗೊಳ್ಳುತ್ತಾರೆ. ಗಂಡನ ಅನ್ಯಾಯವನ್ನು ಸಹಿಸದೆ ಅವನನ್ನು ತೊರೆದು ನಡೆದ ಸಿರಿಯ ಕಥೆ ಆ ಆಚರಣೆಯ ತಿರುಳು. ಪೀಟರ್ ಕ್ಲಾಸ್ ಅವರು 1975ರಷ್ಟು ಹಿಂದೆಯೇ ಈ ಆಚರಣೆಯನ್ನು ಕುರಿತು ಬರೆದಿದ್ದಾರೆ. ಇಂಥ ಆಚರಣೆಗಳಿಗೆ ಅವುಗಳದೇ ಆದ ಧಾರ್ಮಿಕ ಅರ್ಥವಿದೆ; ಎಲ್ಲವನ್ನೂ ಮನೋವ್ಯಥೆಗೆ ಇಳಿಸುವುದು ಸಲ್ಲದು. ಆದರೆ ನೊಂದವರಿಗೆ ಅಲ್ಲಿ ಒಂದು ದನಿಯೂ ಒಂದು ಬಳಗವೂ ದೊರೆಯುತ್ತವೆಂಬುದನ್ನು ಅಲ್ಲಗಳೆಯಲಾಗದು.

ಆಧುನಿಕ ಕಾರ್ಖಾನೆಯೂ ಇದಕ್ಕೆ ಹೊರತಲ್ಲ. ಮಲೇಷ್ಯಾದ ವಿದ್ಯುನ್ಮಾನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹಳ್ಳಿಯ ಹುಡುಗಿಯರು ಯಂತ್ರಗಳ ನಡುವೆ ದೆವ್ವ ಕಂಡು ಚೀರಿ ಬೀಳುತ್ತಿದ್ದ ಘಟನೆಗಳನ್ನು ಐಹ್ವಾ ಓಂಗ್ ಅವರು 1987ರ ಗ್ರಂಥದಲ್ಲಿ ವಿವರಿಸಿದ್ದಾರೆ. ಪಾಳಿಯ ದುಡಿತ, ಎಡೆಬಿಡದ ಮೇಲ್ವಿಚಾರಣೆ ಇವುಗಳ ವಿರುದ್ಧ ಹೇಳಲಾಗದ ಪ್ರತಿರೋಧವನ್ನು ಅವರು ಇದರಲ್ಲಿ ಗುರುತಿಸಿದರು. ಆಡಳಿತದವರಾದರೋ ಇದನ್ನು ಉನ್ಮಾದವೆಂದು ಕರೆದು, ಶಮನದ ಗುಳಿಗೆ ಕೊಡಿಸಿದರು. ಮತ್ತೆ ಮತ್ತೆ ಹಾಗಾದವರನ್ನು ಕೆಲಸದಿಂದ ತೆಗೆದರು. ದುಡಿತದ ಕ್ರಮ ಬದಲಾಗಲಿಲ್ಲ.

ಅಸಮಾನತೆ ಮೈಯನ್ನು ಹೊಗುವ ಬಗೆ

ಇಷ್ಟನ್ನು ಕೇಳಿದ ಮೇಲೆ, ‘ಹಾಗಾದರೆ ಇದೆಲ್ಲ ಸೋಗೇ?’ ಎಂಬ ಪ್ರಶ್ನೆ ಏಳುವುದು ಸಹಜ. ಖಂಡಿತವಾಗಿಯೂ ಅಲ್ಲ. ಭಯ, ಅವಮಾನ, ಅನಿಶ್ಚಯಗಳು ಎದುರಾದಾಗ ಶರೀರ ಅಪಾಯವನ್ನು ಎದುರಿಸಲು ಸಿದ್ಧವಾಗುತ್ತದೆ. ನಾಡಿ ವೇಗಗೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಾರ್ಟಿಸಾಲ್ ಮೊದಲಾದ ಸ್ರಾವಗಳು ಹೆಚ್ಚುತ್ತವೆ. ಅಪಾಯ ಕ್ಷಣಕಾಲದ್ದಾದರೆ ಇದು ರಕ್ಷಣೆ. ಅದು ವರ್ಷಗಟ್ಟಲೆ ಮುಂದುವರಿದರೆ ಇದೇ ಸಿದ್ಧತೆ ಶರೀರವನ್ನು ಸವೆಸುತ್ತದೆ. ಬಿಗಿದ ಸ್ನಾಯು ನಿಜವಾಗಿಯೂ ನೋಯುತ್ತದೆ. ಕೆಟ್ಟ ನಿದ್ದೆ ನಿಜವಾಗಿಯೂ ನಿಶ್ಶಕ್ತಿಯನ್ನು ತರುತ್ತದೆ.

ಲಂಡನ್ನಿನ ಸರಕಾರಿ ನೌಕರರಲ್ಲಿ 1967ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಅತ್ಯಂತ ಕೆಳದರ್ಜೆಯ ನೌಕರರ ಮರಣಪ್ರಮಾಣ ಅತ್ಯುನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಅವರಾರೂ ಉಪವಾಸ ಬಿದ್ದವರಲ್ಲ. ಎಲ್ಲರಿಗೂ ಸ್ಥಿರವಾದ ಸಂಬಳವಿತ್ತು. ಮೆಟ್ಟಿಲು ಕೆಳಗಿಳಿದಂತೆ ಆಯುಷ್ಯವೂ ಇಳಿಯುತ್ತಿತ್ತು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದ ಸ್ಥಿತಿಗೂ ಹೃದ್ರೋಗಕ್ಕೂ ಸಂಬಂಧ ಕಂಡುಬಂದಿತು. ಅದೇ ನಗರದ ಕ್ಯಾಂಬರ್‌ವೆಲ್ ಭಾಗದ ಸ್ತ್ರೀಯರನ್ನು ಕುರಿತು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಪ್ರಕಟಿಸಿದ ಗ್ರಂಥವೂ ಇಲ್ಲಿ ಸ್ಮರಣೀಯ. ಕಷ್ಟದ ಘಟನೆಗಳು ಒದಗಿದಾಗ ಖಿನ್ನತೆಗೆ ಈಡಾಗುವ ಸಂಭವವನ್ನು ಹೆಚ್ಚಿಸುವ ನಾಲ್ಕು ಸ್ಥಿತಿಗಳನ್ನು ಅವರು ಗುರುತಿಸಿದರು: ಮನೆಯಲ್ಲಿ ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳಿರುವುದು, ಹೊರಗೆ ಉದ್ಯೋಗವಿಲ್ಲದಿರುವುದು, ಹನ್ನೊಂದು ವರ್ಷಕ್ಕೆ ಮುನ್ನ ತಾಯಿಯನ್ನು ಕಳೆದುಕೊಂಡಿರುವುದು, ಮನಬಿಚ್ಚಿ ಮಾತಾಡಲು ಆಪ್ತರಿಲ್ಲದಿರುವುದು. ಕೊನೆಯದು ಹವ್ಯಕ ಸ್ತ್ರೀಯರ ಅಧ್ಯಯನವನ್ನು ನೆನಪಿಗೆ ತರುತ್ತದೆಯಲ್ಲವೆ?

ಬಡತನಕ್ಕೂ ಮನೋವ್ಯಥೆಗೂ ಇರುವ ಸಂಬಂಧವನ್ನು ಕುರಿತು 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಒಂದೇ ಪ್ರದೇಶದಲ್ಲಿ ಅತ್ಯಂತ ಕಡಿಮೆ ಆದಾಯದವರಲ್ಲಿ ಖಿನ್ನತೆ ಮತ್ತು ಆತಂಕಗಳು ಅತ್ಯಂತ ಶ್ರೀಮಂತರಿಗಿಂತ ಒಂದೂವರೆಯಿಂದ ಮೂರು ಪಟ್ಟು ಹೆಚ್ಚು. ಬಡತನ ವ್ಯಥೆಯನ್ನು ತರುತ್ತದೆ. ವ್ಯಥೆ ದುಡಿಯುವ ಶಕ್ತಿಯನ್ನು ಕುಂದಿಸಿ ಬಡತನವನ್ನು ಗಟ್ಟಿಗೊಳಿಸುತ್ತದೆ. ಆದರೆ ಎಲ್ಲವೂ ಹಣದ ಮಾತಲ್ಲ. ಭಾರತದ ಪರಿಶಿಷ್ಟ ಜಾತಿಗಳವರ ಹಾಗೂ ಮುಸ್ಲಿಮರ ಮಾನಸಿಕ ಆರೋಗ್ಯ, ಆಸ್ತಿ ಮತ್ತು ವಿದ್ಯೆಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮೇಲ್ಜಾತಿಯ ಹಿಂದೂಗಳಿಗಿಂತ ಕೆಳಮಟ್ಟದಲ್ಲಿದೆಯೆಂದು ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ತಿಳಿಸಿತು. ಹೊಟ್ಟೆ ತುಂಬಿದರೂ ಅವಮಾನ ಉಳಿಯಬಹುದೆಂಬುದು ಇದರ ತಾತ್ಪರ್ಯ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ದಲಿತ ಆತ್ಮಕಥನಗಳು ಅಂಕಿಅಂಶಗಳಿಗೆ ನಿಲುಕದ ಆ ನೋವಿಗೆ ಕನ್ನಡದಲ್ಲಿ ಮಾತು ಕೊಟ್ಟಿವೆ.

ಎರಡು ಅಪಾಯಗಳು

ಮೈಯ ಭಾಷೆಯಲ್ಲಿ ಬಂದ ವ್ಯಥೆಯನ್ನು ಅರ್ಥೈಸುವಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಅದನ್ನು ಬರಿಯ ಮೈಯ ಕಾಯಿಲೆಯೆಂದು ತಿಳಿಯುವುದು ಮೊದಲನೆಯದು. ಆಗ ಸೂಜಿಮದ್ದು, ಶಕ್ತಿಯ ಔಷಧ, ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆಯುತ್ತವೆ, ಸಾಲ ಬೆಳೆಯುತ್ತದೆ, ನೋವು ಇದ್ದಲ್ಲೇ ಇರುತ್ತದೆ. ಗೋವೆಯ ಸ್ತ್ರೀಯರಲ್ಲಿ ಬಿಳಿಸೆರಗಿನ ದೂರನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ದೂರಿಗೂ ಸೋಂಕಿಗೂ ಇದ್ದ ಸಂಬಂಧ ಕ್ಷೀಣವಾಗಿದ್ದು, ಮನಸ್ಸಿನ ಹಾಗೂ ಬಾಳಿನ ಕಷ್ಟಗಳೊಡನೆ ಇದ್ದ ಸಂಬಂಧವೇ ಬಲವಾಗಿತ್ತು. ಸೋಂಕಿಗೆಂದು ಕೊಟ್ಟ ಔಷಧ ಅಂಥವರ ಯಾವ ಬಾಧೆಯನ್ನು ನೀಗೀತು? ಹಾಗೆಂದು ಮೈಪರೀಕ್ಷೆಯನ್ನೇ ಬಿಡುವುದು ಇನ್ನೂ ದೊಡ್ಡ ಅನ್ಯಾಯ. ರಕ್ತಹೀನತೆ, ಥೈರಾಯಿಡ್ ದೋಷ, ಕ್ಷಯ ಇವು ಬಡವರಲ್ಲಿ ನಿಜವಾಗಿಯೂ ಇರುತ್ತವೆ. ಬಡ ಹೆಂಗಸಿನ ಎದೆನೋವನ್ನು ‘ಮನಸ್ಸಿನದು’ ಎಂದು ಕಳುಹಿಸಿಬಿಟ್ಟರೆ ಅವಳ ಪ್ರಾಣಕ್ಕೇ ಕುತ್ತು ಬಂದೀತು.

ವ್ಯಥೆಯನ್ನು ಬರಿಯ ಮನಸ್ಸಿನ ರೋಗವೆಂದು ತಿಳಿದು, ಅದಕ್ಕೆ ಕಾರಣವಾದ ಬಾಳನ್ನು ಮರೆಯುವುದು ಎರಡನೆಯ ತಪ್ಪು. ಹಸಿವಿಗೆ ಗುಳಿಗೆ ಕೊಟ್ಟ ಬ್ರೆಜಿಲ್ಲಿನ ಚಿಕಿತ್ಸಾಲಯ ಇದರ ಉದಾಹರಣೆ. ಇದಕ್ಕೆ ಪ್ರತಿಯಾಗಿ, ‘ಸಮಾಜ ಬದಲಾಗದೆ ಯಾವ ಚಿಕಿತ್ಸೆಯೂ ವ್ಯರ್ಥ’ ಎಂಬ ವಾದವೂ ಕೇಳಿಬರುತ್ತದೆ. ಇದು ಉದಾತ್ತವಾಗಿ ಕಂಡರೂ, ಇಂದು ರಾತ್ರಿ ನಿದ್ದೆಯಿಲ್ಲದೆ ನರಳುವವರಿಗೆ, ಸಾವಿನ ಯೋಚನೆ ಸುಳಿಯುತ್ತಿರುವವರಿಗೆ ಯಾವ ಉತ್ತರವನ್ನೂ ಕೊಡದು. ಖಿನ್ನತೆ ಚಿಕಿತ್ಸೆಯಿಂದ ಗುಣವಾಗಬಲ್ಲ ಸ್ಥಿತಿ. ಅನ್ಯಾಯದಿಂದ ಹುಟ್ಟಿತೆಂಬ ಕಾರಣಕ್ಕೆ ಗಾಯಕ್ಕೆ ಮದ್ದು ಹಚ್ಚದಿರುವುದು ಧರ್ಮವಲ್ಲ.

ಕೇಳುವ ವ್ಯವಸ್ಥೆ

ಹಾಗಾದರೆ ದಾರಿ ಯಾವುದು? ಕರ್ನಾಟಕ ಈ ವಿಷಯದಲ್ಲಿ ಮುಂದಾಳಾಗಿತ್ತು. 1974ರಲ್ಲಿ ಸ್ಥಾಪನೆಗೊಂಡ ನಿಮ್ಹಾನ್ಸ್, 1980ರ ದಶಕದ ಮಧ್ಯಭಾಗದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸುವ ಪ್ರಯೋಗವನ್ನು ಕೈಗೊಂಡಿತು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ ಅಗತ್ಯಕ್ಕೂ ಸೌಲಭ್ಯಕ್ಕೂ ಇರುವ ಅಂತರ ಅಪಾರ. 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ಸಮೀಕ್ಷೆಯ ವೇಳೆಗೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಬಾಧೆಗೆ ಒಳಗಾಗಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆ, 14416 ಎಂಬ ಸಂಖ್ಯೆಯ ಮೂಲಕ, ಹೆಸರು ಬಯಲಾಗುವ ಭಯವಿಲ್ಲದೆ ಕನ್ನಡದಲ್ಲಿಯೇ ಮಾತಾಡಲು ಒಂದು ಎಡೆಯನ್ನು ಕಲ್ಪಿಸಿದೆ.

ಗುಣಪಡಿಸುವ ಮಾತಿಗೆ ದೊಡ್ಡ ಪದವಿಯೇ ಬೇಕೆಂದಿಲ್ಲವೆಂಬುದು ಈಚಿನ ಅನುಭವ. ಗೋವೆಯಲ್ಲಿ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಸರಕಾರಿ ಆರೋಗ್ಯಕೇಂದ್ರಗಳಲ್ಲಿ ಖಿನ್ನತೆ ಹಾಗೂ ಆತಂಕದ ರೋಗಿಗಳ ಚೇತರಿಕೆಗೆ ನೆರವಾದರೆಂಬುದು 2010ರಲ್ಲಿ ಪ್ರಕಟವಾದ ಪ್ರಯೋಗದಿಂದ ರುಜುವಾತಾಯಿತು. ಜಿಂಬಾಬ್ವೆಯ ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿಯಿತ್ತು, ಚಿಕಿತ್ಸಾಲಯದ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ನೊಂದವರು ಅಲ್ಲಿ ‘ಖಿನ್ನತೆ’ ಎನ್ನಬೇಕಾಗಿಲ್ಲ. ‘ಅತಿಯಾಗಿ ಯೋಚಿಸುವುದು’ ಎಂಬರ್ಥದ ‘ಕುಫುಂಗಿಸಿಸ’ ಎಂಬ ತಮ್ಮ ಶೋನಾ ನುಡಿಯಲ್ಲಿಯೇ ಹೇಳಿಕೊಳ್ಳುತ್ತಾರೆ. ಅಜ್ಜಿ ಕೇಳುತ್ತಾಳೆ; ಕಷ್ಟಗಳನ್ನು ಒಂದೊಂದಾಗಿ ಎಣಿಸಿ, ಮೊದಲು ಯಾವುದನ್ನು ಬಿಡಿಸಬಹುದೆಂದು ಅವರೊಡನೆ ಯೋಚಿಸುತ್ತಾಳೆ. ಅನಂತರ ಅವರು ಒಂದು ಬಳಗವಾಗಿ ಸೇರಿ, ಚೀಲ ಹೆಣೆಯುವಂಥ ಕೆಲಸದಿಂದ ನಾಲ್ಕು ಕಾಸು ಸಂಪಾದಿಸುವುದೂ ಉಂಟು. 24 ಚಿಕಿತ್ಸಾಲಯಗಳಲ್ಲಿ 573 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಕ್ರಮದ ಉಪಯುಕ್ತತೆ 2016ರಲ್ಲಿ ದೃಢಪಟ್ಟಿತು. ಅವರ ನುಡಿಯಲ್ಲೇ ಕೇಳುವುದು, ಬಳಗವನ್ನು ಒದಗಿಸುವುದು, ಬಡತನದ ಗಂಟನ್ನು ಸ್ವಲ್ಪವಾದರೂ ಸಡಿಲಿಸುವುದು ಈ ಮೂರೂ ಅಲ್ಲಿ ಒಟ್ಟಿಗಿವೆಯೆಂಬುದು ಗಮನಾರ್ಹ.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮೈಯ ಮೂಲಕ ಮಾತಾಡುವ ವ್ಯಥೆ ಸುಳ್ಳೂ ಅಲ್ಲ, ಅಜ್ಞಾನವೂ ಅಲ್ಲ. ಬೇರೆ ಭಾಷೆಯಲ್ಲಿ ಹೇಳಿದರೆ ಶಿಕ್ಷೆ ದೊರೆಯುವಲ್ಲಿ ನೊಂದವರಿಗೆ ಉಳಿದ ಭಾಷೆ ಅದು. ಆದುದರಿಂದ ಆರೋಗ್ಯಕೇಂದ್ರದ ವೈದ್ಯರು ‘ಎಲ್ಲಿ ನೋವು?’ ಎಂದು ಕೇಳಿ, ಪರೀಕ್ಷಿಸಿ, ಆ ಬಳಿಕ ‘ಮನೆಯಲ್ಲಿ ಹೇಗಿದ್ದೀರಿ? ನಿದ್ದೆ ಬರುತ್ತದೆಯೆ? ಯೋಚನೆ ಏನು?’ ಎಂದು ಇನ್ನೆರಡು ಮಾತು ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತೋರಿಸಿರುವಂತೆ, ಹತ್ತರಲ್ಲಿ ಒಂಬತ್ತು ಮಂದಿ ಉತ್ತರಿಸುತ್ತಾರೆ. ಮನೆಯಲ್ಲಿ ಹಿರಿಯರೂ ಶಾಲೆಯಲ್ಲಿ ಉಪಾಧ್ಯಾಯರೂ ಕೆಲಸದಲ್ಲಿ ಮೇಲಿನವರೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಉತ್ತರ ತಮ್ಮನ್ನೇ ಕುರಿತ ದೂರಾಗಿ ಬಂದರೆ ಅದನ್ನು ಕೇಳುವ ಸೈರಣೆಯೂ ಅವರಿಗಿರಬೇಕು. ನುಂಗಿಕೊಳ್ಳುವ ಹೊಣೆಯನ್ನು ಸದಾ ಕೆಳಗಿನವರ ಮೇಲೆಯೇ ಹೊರಿಸುವ ಸಮಾಜ ಬೇನೆಯನ್ನು ಕಡಿಮೆ ಮಾಡುವುದಿಲ್ಲ. ಅದನ್ನು ಬಲಹೀನರ ಮೈಯಲ್ಲಿ ಬಚ್ಚಿಡುತ್ತದೆ, ಅಷ್ಟೆ.